ಕನ್ನಂಬಾಡಿ ಹಿನ್ನೀರಿಗೆ ಇಳಿದ ಡಕೋಟ: ಇಲ್ಲದ ವಿಮಾನವನ್ನು ಮನೆಯಲ್ಲಿ ಕಟ್ಟುವ ಬಗೆ

ಗೊಂಬೆ ಹಬ್ಬ ಬಂತೆಂದರೆ ನಮ್ಮ ಮನೆಯಲ್ಲಿ ಗಡಿ ಜಗಳ ಶುರು. ಮೇಲಿನ ಮೆಟ್ಟಿಲುಗಳೆಲ್ಲ ಅಮ್ಮನವು. ಪಟ್ಟದ ಗೊಂಬೆ, ಕಳಶ, ದಶಾವತಾರದ ಸೆಟ್ಟು, ಅಲ್ಲಿಗೆ ಯಾರೂ ಕೈ ಹಾಕುವ ಹಾಗಿಲ್ಲ. ನೆಲದ ಮೇಲಿನ ಪಾರ್ಕು ಮಾತ್ರ ನನ್ನ ಪಾಲು. ರಾಗಿ ಚೆಲ್ಲಿ ಪೈರು ಬರಿಸಿ, ಹಳೇ ಪ್ಲಾಸ್ಟಿಕ್ ಹುಲಿ ಜಿಂಕೆ ನಿಲ್ಲಿಸಿ, ನಡುವೆ ಒಂದು ತಟ್ಟೆ ನೀರಿಟ್ಟು ಅದನ್ನೇ ಕೆರೆ ಅನ್ನುತ್ತಿದ್ದೆವಲ್ಲ, ಅದು. ಎರಡು ವರ್ಷದ ಹಿಂದೆ ಆ ಕೆರೆಯನ್ನು ಕನ್ನಂಬಾಡಿ ಹಿನ್ನೀರು ಮಾಡಿ ಅದರ ಮೇಲೆ ಒಂದು ಡಕೋಟ ವಿಮಾನದ ಮಾದರಿ ಇಳಿಸಿದೆ, ಎರಡನೇ ಮಹಾಯುದ್ಧದ ಕಾಲದ ಎರಡು ಎಂಜಿನ್ನಿನ ವಿಮಾನ. ಚಕ್ರದ ಮೇಲಲ್ಲ, ದೋಣಿಯಂಥ ಎರಡು ಫ್ಲೋಟುಗಳ ಮೇಲೆ. ಮೈಮೇಲೆ ಕನ್ನಡದಲ್ಲಿ ದೊಡ್ಡದಾಗಿ ‘ಗಂಡಭೇರುಂಡ’. ಆ ಹೆಸರಿನ ವಿಮಾನ ಯಾವತ್ತೂ ಇರಲಿಲ್ಲ, ಅಂಥ ಕಂಪನಿಯೂ ಇರಲಿಲ್ಲ. ಆದರೆ ನೋಡಲು ಬಂದವರಲ್ಲಿ ಸುಮಾರು ಜನ ನಂಬಿಬಿಟ್ಟರು.

ಹೇಗೆ ಮಾಡಿದ್ದು ಅಂತ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಈ ಬರಹ, ನನ್ನ ಎಡವಟ್ಟುಗಳನ್ನೂ ಸೇರಿಸಿ.

ಮೊದಲು ಸುಳ್ಳು ಕಟ್ಟಿ

ಇಂಥ ‘ಹೀಗಾಗಿದ್ದರೆ’ ಮಾದರಿಗಳಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಒಂದು ಸುಳ್ಳಿನ ಮೇಲೆ ಹತ್ತು ಸುಳ್ಳು ಪೇರಿಸುತ್ತಾರೆ. ಡಕೋಟಕ್ಕೆ ಜೆಟ್ ಎಂಜಿನ್, ಅದಕ್ಕೆ ಅಂಬಾರಿ, ಅದರ ಮೇಲೆ ದೀಪದ ಸರ. ನೋಡಿದವರು ನಗುತ್ತಾರೆ, ಅಷ್ಟೇ, ಮುಂದೆ ಹೋಗುತ್ತಾರೆ. ಸುಳ್ಳು ಒಂದೇ ಇರಬೇಕು. ಉಳಿದದ್ದೆಲ್ಲ ಒಂದೊಂದು ಮೊಳೆಯೂ ನಿಜ ಇರಬೇಕು. ಆಗ ನೋಡಿದವರು ನಿಲ್ಲುತ್ತಾರೆ, ಬಗ್ಗುತ್ತಾರೆ, ‘ಇರಬಹುದೇನೋ’ ಅಂದುಕೊಳ್ಳುತ್ತಾರೆ.

ನನ್ನ ಲೆಕ್ಕ ಹೀಗಿತ್ತು. ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಟಾಟಾ ಜೊತೆ ಸೇರಿ ನಡೆಸಿದ ಡೆಕ್ಕನ್ ಏರ್‌ವೇಸ್ ಅನ್ನುವ ಕಂಪನಿಯೇ ಇತ್ತು, ಅವರು ಹಾರಿಸುತ್ತಿದ್ದದ್ದೂ ಡಕೋಟಗಳನ್ನೇ. ನಮ್ಮ ಮೈಸೂರು ಸಂಸ್ಥಾನಕ್ಕೆ ಏನು ಕಮ್ಮಿ? ಮಂಡಕಳ್ಳಿಯ ವಿಮಾನ ನಿಲ್ದಾಣ 1940ರದ್ದು. ಅದೇ ವರ್ಷದ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆಗೆದಾಗ ಸಂಸ್ಥಾನವೂ ದುಡ್ಡು ಹಾಕಿ ಪಾಲುದಾರ ಆಗಿತ್ತು. ಯುದ್ಧದ ಹೊತ್ತಿನಲ್ಲಿ ಅಲ್ಲಿ ಅಮೆರಿಕದವರ ವಿಮಾನಗಳ ರಿಪೇರಿ ನಡೆಯಿತು, ಯುದ್ಧ ಮುಗಿದ ಮೇಲೆ ಮಿಕ್ಕಿದ ಡಕೋಟಗಳನ್ನು ಪ್ರಯಾಣಿಕರ ವಿಮಾನ ಮಾಡಿಕೊಡುವ ಕೆಲಸವೂ ಅಲ್ಲೇ ಆಯಿತು. ಅಂದರೆ ವಿಮಾನ ಇತ್ತು, ಕಾರ್ಖಾನೆ ಇತ್ತು, ಮಹಾರಾಜರೂ ಇದ್ದರು. ಕಂಪನಿ ಒಂದು ಇರಲಿಲ್ಲ. ಆ ಒಂದನ್ನು ನಾನು ಸೇರಿಸಿದೆ: 1946ರಲ್ಲಿ ಸಂಸ್ಥಾನ ಒಂದು ಡಕೋಟ ಕೊಂಡು, ಬೆಂಗಳೂರಿಂದ ಬೃಂದಾವನ ನೋಡಲು ಬರುವ ಅತಿಥಿಗಳನ್ನು ನೇರ ಕನ್ನಂಬಾಡಿ ನೀರಿನ ಮೇಲೇ ಇಳಿಸುತ್ತಿತ್ತು. ಆಕಾಶದ ದಾರಿಯಲ್ಲಿ ಅರ್ಧ ಗಂಟೆ ಸಾಕು.

ಫ್ಲೋಟಿನ ಡಕೋಟ ಅನ್ನುವುದೂ ಸುಳ್ಳೇ ಅಲ್ವಾ ಅಂತ ಕೇಳಬೇಡಿ. ಅದು ನಿಜ. ಯುದ್ಧದ ಕಾಲದಲ್ಲಿ ಅಮೆರಿಕದವರು ಎಕ್ಸ್‌ಸಿ-47ಸಿ ಅಂತ ಒಂದನ್ನು ಮಾಡಿ ಹಾರಿಸಿದ್ದರು. ಇಡೋ ಕಂಪನಿಯ ಫ್ಲೋಟುಗಳು, ಅವುಗಳ ಒಳಗೇ ಮಡಚುವ ಚಕ್ರ. ಬೆಂಗಳೂರಿನ ರನ್‌ವೇಯಲ್ಲಿ ಚಕ್ರದ ಮೇಲೆ ಓಡಿ ಎದ್ದು ಇಲ್ಲಿ ನೀರಿಗೆ ಇಳಿಯಲು ಇದಕ್ಕಿಂತ ಒಳ್ಳೇದು ಬೇಕಾ? ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೀವು ಬೇರೆ ಕಥೆ ಕಟ್ಟಿಕೊಳ್ಳಿ. ಆದರೆ ಕೆಲಸ ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಬರೆದಿಡಿ: ಯಾರು ಕೊಂಡರು, ಯಾವ ವರ್ಷ, ಯಾವಾಗ ನಿಂತಿತು. ನನ್ನದರ ಕೊನೆ ತಾನಾಗೇ ಸಿಕ್ಕಿತು. 1953ರಲ್ಲಿ ಸರ್ಕಾರ ದೇಶದ ಖಾಸಗಿ ವಿಮಾನ ಕಂಪನಿಗಳನ್ನೆಲ್ಲ ವಶಕ್ಕೆ ತೆಗೆದುಕೊಂಡಿತು, ಡೆಕ್ಕನ್ ಏರ್‌ವೇಸ್ ಕೂಡ ಇಂಡಿಯನ್ ಏರ್‌ಲೈನ್ಸ್ ಒಳಗೆ ಸೇರಿಹೋಯಿತು. ನಮ್ಮದೂ ಅವತ್ತೇ ಮುಗಿಯಿತು ಅಂದುಕೊಳ್ಳಿ. ಈ ಮೂರು ಸಾಲು ಮುಂದೆ ಪ್ರತಿ ಸಲ ಕೆಲಸಕ್ಕೆ ಬರುತ್ತದೆ, ಬಣ್ಣ ಯಾವುದು, ಅಕ್ಷರ ಹೇಗಿರಬೇಕು, ಎಷ್ಟು ಹಳತಾಗಿ ಕಾಣಬೇಕು, ಎಲ್ಲಕ್ಕೂ.

ಕಿಟ್ ಮತ್ತು ಸಾಮಾನು

ಡಕೋಟದ ಕಿಟ್‌ಗೆ, ಅಂದರೆ ಬಿಡಿಭಾಗಗಳನ್ನು ಅಂಟಿಸಿ ಜೋಡಿಸುವ ಪ್ಲಾಸ್ಟಿಕ್ ಸೆಟ್ಟಿಗೆ, ಬರ ಇಲ್ಲ. ನಿಜವಾದದ್ದರ 72ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಏರ್‌ಫಿಕ್ಸ್, ಇಟಾಲೆರಿ ಎರಡೂ ಕಂಪನಿಗಳು ಮಾಡಿವೆ. ಏರ್‌ಫಿಕ್ಸ್ 2014ರಲ್ಲಿ ಹೊಸ ಅಚ್ಚು ತಂದಿತು, ಅದು ಚೆನ್ನಾಗಿ ಕೂಡಿಕೊಳ್ಳುತ್ತದೆ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 29 ಮೀಟರ್, ಹಾಗಾಗಿ ಮಾದರಿಯಲ್ಲಿ 40 ಸೆಂಟಿಮೀಟರ್. ಉದ್ದ 27 ಸೆಂಟಿಮೀಟರ್. ಗೊಂಬೆ ಮೆಟ್ಟಿಲ ಮೇಲೆ ಹಿಡಿಸಲ್ಲ, ನೆಲಕ್ಕೇ ಸರಿ. ಜಾಗ ಕಮ್ಮಿ ಇದ್ದರೆ 144ರ ಅಳತೆ ತೆಗೆದುಕೊಳ್ಳಿ, ಎಲ್ಲ ಅರ್ಧ ಆಗುತ್ತದೆ. ಆದರೆ ಕನ್ನಡ ಅಕ್ಷರ ಬರೆಯುವಾಗ ಅಳುತ್ತೀರಿ.

ಉಳಿದ ಸಾಮಾನು: ಪ್ಲಾಸ್ಟಿಕ್ ಕಿಟ್‌ಗಳ ತೆಳು ಅಂಟು, ಫೆವಿಕಾಲ್, ಅರಾಲ್ಡೈಟ್, ಎಂ-ಸೀಲ್, ಉಜ್ಜಲು 400ರಿಂದ 1000 ನಂಬರಿನವರೆಗಿನ ವಾಟರ್ ಪೇಪರ್, ಒಂದು ಒಳ್ಳೇ ಬ್ಲೇಡು, ಮಾಸ್ಕಿಂಗ್ ಟೇಪು. ಹೊರಗಿಂದ ತರಿಸಬೇಕಾದದ್ದು ಕಿಟ್ಟು, ಅದರ ಅಂಟು, ಬಣ್ಣ, ಮತ್ತೆ ಡೀಕಲ್ ಕಾಗದ (ಅಕ್ಷರ, ಚಿತ್ರ ಪ್ರಿಂಟ್ ತೆಗೆದು ನೀರಲ್ಲಿ ನೆನೆಸಿ ಮೈಗೆ ಅಂಟಿಸುವಂಥದ್ದು) ಅಷ್ಟೇ. ಮಿಕ್ಕಿದ್ದು ಮೈಸೂರಿನ ಶಿವರಾಂಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತದೆ. ಓಟಿಗೆ ಬೆರಳಿಗೆ ಹಚ್ಚುವ ಶಾಯಿ ಮಾಡುವ ಊರು ನಮ್ಮದು, ಬಣ್ಣದ ಕಾರ್ಖಾನೆ 1937ರಿಂದ ಇದೆ, ಆದರೂ ಚಿಟಿಕೆಯಷ್ಟು ಮಾಡೆಲ್ ಬಣ್ಣಕ್ಕೆ ಕೊರಿಯರ್ ಕಾಯಬೇಕು, ಏನು ಮಾಡುವುದು.

ಕಿಟ್ ಬಂದ ತಕ್ಷಣ ಅಂಟು ಹಾಕಲು ಕೂರಬೇಡಿ. ಪಾತ್ರೆ ಸೋಪಿನ ನೀರಿನಲ್ಲಿ ಎಲ್ಲವನ್ನೂ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿರುತ್ತದೆ, ಅದರ ಮೇಲೆ ಬಣ್ಣ ನಿಲ್ಲಲ್ಲ.

ಮಿಲಿಟರಿ ಬಟ್ಟೆ ಬಿಚ್ಚುವುದು

ಬಹಳಷ್ಟು ಕಿಟ್‌ಗಳು ಮಿಲಿಟರಿ ಡಕೋಟದವು. ಅದನ್ನು ಪ್ರಯಾಣಿಕರ ವಿಮಾನ ಮಾಡಬೇಕು. ನಿಜಕ್ಕೂ ಆ ಕಾಲದಲ್ಲಿ ಬೆಂಗಳೂರಿನಲ್ಲಿ ಮಾಡಿದ್ದು ಇದೇ ಕೆಲಸ, ನಾವು ಊಟದ ಮೇಜಿನ ಮೇಲೆ ಮಾಡುತ್ತೇವೆ.

ಕಾಕ್‌ಪಿಟ್‌ನ ಹಿಂದೆ, ಮೇಲ್ಭಾಗದಲ್ಲಿ ಒಂದು ಗಾಜಿನ ಗುಳ್ಳೆ ಇರುತ್ತದೆ, ನಕ್ಷತ್ರ ನೋಡಿ ದಾರಿ ಕಂಡುಕೊಳ್ಳಲು. ಬೃಂದಾವನಕ್ಕೆ ಹೋಗುವವರಿಗೆ ನಕ್ಷತ್ರ ಯಾಕೆ? ಅದನ್ನು ಬಿಟ್ಟು ತೂತನ್ನು ಪ್ಲಾಸ್ಟಿಕ್ ಚೂರಿನಿಂದ ಮುಚ್ಚಿ. ಎಡಬದಿಯಲ್ಲಿ ಹಿಂದೆ ಜೀಪು ಹತ್ತಿಸುವಷ್ಟು ದೊಡ್ಡ ಜೋಡಿ ಬಾಗಿಲು ಇರುತ್ತದೆ. ಎರಡನ್ನೂ ಮುಚ್ಚಿ ಅಂಟಿಸಿ, ಗೀರುಗಳನ್ನು ತುಂಬಿ ನುಣ್ಣಗೆ ಮಾಡಿ, ಆಮೇಲೆ ಅದೇ ಜಾಗದಲ್ಲಿ ಒಂದೇ ಸಣ್ಣ ಬಾಗಿಲನ್ನು ಸೂಜಿಯಿಂದ ಗೀರಿ. ಗೀರಲು ಹಳೇ ಎಟಿಎಂ ಕಾರ್ಡಿನಿಂದ ಕತ್ತರಿಸಿದ ಚೌಕ ಅಚ್ಚು ಸಾಕು. ಕೈಯಲ್ಲೇ ಗೀರುತ್ತೇನೆ ಅಂದರೆ ಬಾಗಿಲು ಸೊಟ್ಟ ಬರುತ್ತದೆ, ನನ್ನದು ಬಂತು.

ತುಂಬಲು ಎಂ-ಸೀಲ್ ಸಾಕು. ಎರಡೂ ಬಣ್ಣದ ಉಂಡೆ ಸಮ ಸಮ ತೆಗೆದುಕೊಂಡು ಒಂದೇ ಬಣ್ಣ ಬರುವವರೆಗೆ ನಾದಿ, ಬೆರಳಿಗೆ ನೀರು ಮುಟ್ಟಿಸಿಕೊಂಡು ಒತ್ತಿ. ರಾತ್ರಿ ಪೂರ್ತಿ ಬಿಡಿ. ನಾನು ಆತುರಪಟ್ಟು ಎರಡೇ ಗಂಟೆಯಲ್ಲಿ ಉಜ್ಜಿದೆ, ಮೇಲೆ ಗಟ್ಟಿ, ಒಳಗೆ ಹಸಿ ಹಲಸಿನ ಹಣ್ಣಿನ ಹಾಗೆ ಕಿತ್ತು ಬಂತು. ಕಾರಿಗೆ ಹಚ್ಚುವ ಎನ್‌ಸಿ ಪುಟ್ಟಿಯನ್ನು ಪ್ಲಾಸ್ಟಿಕ್ ಮೇಲೆ ಹಚ್ಚಬೇಡಿ. ಅದರ ತಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಕಿಟಕಿಗಳಿಗೆ ಫೆವಿಕ್ವಿಕ್ ಹತ್ತಿರವೂ ತರಬೇಡಿ. ಅದರ ಹಬೆಗೆ ಗಾಜೆಲ್ಲ ಬೆಳ್ಳಗಾಗುತ್ತದೆ, ಚಳಿಗಾಲದ ಬೆಳಿಗ್ಗೆ ಬಸ್ಸಿನ ಕಿಟಕಿಯ ಹಾಗೆ. ಫೆವಿಕಾಲ್ ಹಾಕಿ. ಒಣಗಿದರೆ ಕಾಣಲ್ಲ, ತಪ್ಪಿದರೆ ತೊಳೆಯಬಹುದು. ಒಳಗೆ ಸೀಟು ಗೀಟು ಮಾಡುವ ಆಸೆ ಬರುತ್ತದೆ. ಮಾಡಿ ನೋಡಿದ್ದೇನೆ, ಒಂದು ವಾರ ಹೋಯಿತು, ಮೈ ಮುಚ್ಚಿದ ಮೇಲೆ ಟಾರ್ಚ್ ಬಿಟ್ಟರೂ ಏನೂ ಕಾಣಲಿಲ್ಲ. ಒಳಗೆ ಕಡು ಬೂದು ಬಣ್ಣ ಬಳಿದು ಮುಂದೆ ಹೋಗಿ.

ಫ್ಲೋಟು: ಇಲ್ಲಿ ಸಮಯ ಕೊಡಿ

ಇಡೀ ಮಾದರಿ ನಿಂತಿರುವುದೇ ಇದರ ಮೇಲೆ, ಎರಡೂ ಅರ್ಥದಲ್ಲಿ. ಸುಮ್ನೆ ಎರಡು ದೋಣಿ ಅಂಟಿಸಿದರೆ ನೋಡುವ ಕಣ್ಣಿಗೆ ಎಲ್ಲೋ ತಪ್ಪಿದೆ ಅಂತ ಗೊತ್ತಾಗಿಬಿಡುತ್ತದೆ, ಏನು ತಪ್ಪು ಅಂತ ಹೇಳಲು ಬರದಿದ್ದರೂ. ಆದ್ದರಿಂದ ಸ್ವಲ್ಪ ಲೆಕ್ಕ ಮಾಡೋಣ.

ತುಂಬಿದ ಡಕೋಟ ಸುಮಾರು 12 ಟನ್ ತೂಗುತ್ತದೆ. ಜೋಡಿ ಫ್ಲೋಟಿನ ವಿಮಾನಕ್ಕೆ ಅದರ ತೂಕ ಹೊತ್ತರೆ ಸಾಲದು, ಅದರ ಮೇಲೆ ಶೇಕಡಾ 80ರಷ್ಟು ಜಾಸ್ತಿ ತೇಲುವ ಶಕ್ತಿ ಇರಬೇಕು ಅನ್ನುವುದು ನಿಯಮ. 12ಕ್ಕೆ 1.8ರಿಂದ ಗುಣಿಸಿದರೆ 21.6 ಟನ್, ಅಂದರೆ 21.6 ಘನ ಮೀಟರ್ ನೀರು. ಒಂದು ಫ್ಲೋಟಿಗೆ 10.8. ಇದನ್ನು 72ಕ್ಕೆ ಇಳಿಸುವಾಗ ಉದ್ದ, ಅಗಲ, ಎತ್ತರ ಮೂರೂ 72ರ ಪಾಲು ಚಿಕ್ಕದಾಗುತ್ತವೆ, ಹಾಗಾಗಿ 72ನ್ನು ಮೂರು ಸಲ ಗುಣಿಸಿ ಭಾಗಿಸಬೇಕು. ಉತ್ತರ ಸುಮಾರು 29 ಘನ ಸೆಂಟಿಮೀಟರ್. ಅಂದರೆ ನೀವು ಕೆತ್ತಿದ ಫ್ಲೋಟನ್ನು ಅಳತೆಯ ಲೋಟದ ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ನೀರು 29 ಮಿಲಿಲೀಟರ್ ಏರಬೇಕು. ನಾನು ಕೆಮ್ಮಿನ ಔಷಧಿ ಅಳೆಯುವ ಲೋಟದಲ್ಲಿ ನೋಡಲು ಹೋಗಿ ಫ್ಲೋಟೇ ಒಳಗೆ ಹಿಡಿಸಲಿಲ್ಲ. ಕೊನೆಗೆ ಎತ್ತರದ ಗಾಜಿನ ಜಾಡಿಗೆ ಟೇಪು ಅಂಟಿಸಿ, ಸಿರಿಂಜಿನಲ್ಲಿ ನೀರು ಹಾಕುತ್ತಾ ಗುರುತು ಮಾಡಿಕೊಂಡೆ.

ಅಳತೆ ನಾನು ಇಟ್ಟುಕೊಂಡದ್ದು: ಉದ್ದ 18 ಸೆಂಟಿಮೀಟರ್, ಅಗಲ 17 ಮಿಲಿಮೀಟರ್, ಎತ್ತರ 15 ಮಿಲಿಮೀಟರ್. ಎರಡು ತುದಿ ಚೂಪು ಮಾಡಿ, ಅಡಿಯನ್ನು ‘ವಿ’ ಆಕಾರಕ್ಕೆ ಕೆತ್ತಿದ ಮೇಲೆ ಹತ್ತಿರ ಹತ್ತಿರ ಸರಿಹೋಗುತ್ತದೆ.

ಯಾವುದರಲ್ಲಿ ಕೆತ್ತುವುದು? ಮೊದಲ ಸಲ ಗೊಂಬೆ ಹಬ್ಬಕ್ಕೆ ಬೆಟ್ಟ ಮಾಡಿ ಮಿಕ್ಕಿದ್ದ ಥರ್ಮಕೋಲ್ ತೆಗೆದುಕೊಂಡೆ. ಕತ್ತರಿಸಲು ಬೆಣ್ಣೆ. ಖುಷಿಯಾಗಿ ಸ್ಪ್ರೇ ಬಣ್ಣ ಹೊಡೆದೆ, ಕಣ್ಣೆದುರೇ ಜುಯ್ ಅಂತ ಕರಗಿ ಗುಳಿ ಬಿದ್ದು ಹಳೇ ಮೂಳೆಯ ಹಾಗೆ ಆಯಿತು. ಎರಡನೇ ಸಲ ಆಲೆ ಮರ. ಚನ್ನಪಟ್ಟಣದ ಗೊಂಬೆ ಮಾಡುತ್ತಾರಲ್ಲ, ಅದೇ ಮರ. ಮೆತ್ತಗೆ, ಬೆಳ್ಳಗೆ, ಎಳೆ ಸಣ್ಣ, ಬ್ಲೇಡಿಗೆ ಸಿಗುತ್ತದೆ, ಸಿಬಿರು ಏಳಲ್ಲ. ಬೆಂಗಳೂರಿಂದ ಬರುವಾಗ ಚನ್ನಪಟ್ಟಣದಲ್ಲಿ ಇಳಿದು ಒಂದು ಕಡೆ ಕೇಳಿದೆ, ಲೇತಿನ ಪಕ್ಕ ಬಿದ್ದಿದ್ದ ಎರಡು ತುಂಡು ಕೊಟ್ಟು ದುಡ್ಡೂ ತೆಗೆದುಕೊಳ್ಳಲಿಲ್ಲ. ‘ಏನ್ ಮಾಡ್ತೀರಾ ಸಾರ್?’ ಅಂದರು. ವಿಮಾನದ ಕಾಲು ಅಂದೆ. ಇನ್ನೊಂದು ತುಂಡು ಕೊಟ್ಟರು, ಒಂದು ಹಾಳಾಗುತ್ತೆ ಇಟ್ಕೊಳಿ ಅಂತ. ಹಾಳಾಯಿತು.

ಕೆತ್ತುವಾಗ ಒಂದು ಗುಟ್ಟು. ಫ್ಲೋಟಿನ ಅಡಿ ಮುಂದಿಂದ ಹಿಂದಕ್ಕೆ ಒಂದೇ ಸಮ ಇರುವುದಿಲ್ಲ, ನಡುವೆ ಒಂದು ಮೆಟ್ಟಿಲು ಇರುತ್ತದೆ. ವಿಮಾನ ನೀರಿನಲ್ಲಿ ಓಡಿ ಏಳುವಾಗ ನೀರು ಅಡಿಗೆ ಅಂಟಿಕೊಂಡು ಹಿಡಿದೆಳೆಯುತ್ತದೆ. ಆ ಮೆಟ್ಟಿಲಲ್ಲಿ ನೀರು ಬಿಟ್ಟುಕೊಂಡು ಫ್ಲೋಟು ಮೇಲೇಳುತ್ತದೆ. ಇದು ವಿಮಾನದ ತೂಕದ ನಡುಬಿಂದುವಿಗಿಂತ ಸ್ವಲ್ಪ ಹಿಂದೆ ಬರಬೇಕು. ಡಕೋಟದಲ್ಲಿ ಆ ನಡುಬಿಂದು ರೆಕ್ಕೆಯ ಮುಂದಿನ ಅಂಚಿನಿಂದ ಸುಮಾರು ಕಾಲು ಭಾಗ ಹಿಂದೆ. ಅಲ್ಲಿಂದ ಒಂದು ಸೆಂಟಿಮೀಟರ್ ಹಿಂದಕ್ಕೆ ಮೆಟ್ಟಿಲು ಗುರುತು ಮಾಡಿ. ಆಳ ಒಂದು ಮಿಲಿಮೀಟರ್ ಸಾಕು. ನೀರಲ್ಲಿ ಕೂರಿಸಿದ ಮೇಲೆ ಇದು ಯಾರಿಗೂ ಕಾಣಲ್ಲ, ನಿಜ. ಆದರೂ ಕೆತ್ತಿ. ಇದರಿಂದಲೇ ಫ್ಲೋಟು ಹಿಂದೆ ಮುಂದೆ ಎಲ್ಲಿ ಕೂರಬೇಕು ಅಂತ ನಿಮಗೆ ಗೊತ್ತಾಗುವುದು.

ಕೆತ್ತಿ ಉಜ್ಜಿದ ಮೇಲೆ ಮರಕ್ಕೆ ಸೀಲರ್ ಎರಡು ಕೈ, ಆಮೇಲೆ ಎನ್‌ಸಿ ಪುಟ್ಟಿ ತೆಳ್ಳಗೆ, ಇಲ್ಲಿ ಮರ ಆದ್ದರಿಂದ ಪುಟ್ಟಿಗೆ ಏನೂ ತೊಂದರೆ ಇಲ್ಲ. ಮತ್ತೆ ಉಜ್ಜಿ. ಮರದ ಎಳೆ ಒಂದೂ ಕಾಣಬಾರದು. ನೀರಿನ ಲೋಟದ ಪರೀಕ್ಷೆ ಸೀಲರ್ ಆದ ಮೇಲೆಯೇ ಮಾಡಿ, ಇಲ್ಲದಿದ್ದರೆ ಮರ ನೀರು ಕುಡಿದು ಊದಿಕೊಳ್ಳುತ್ತದೆ.

ಫ್ಲೋಟನ್ನು ಮೈಗೆ ಹಿಡಿದಿಡುವ ಕೋಲುಗಳಿಗೆ ನಾನು ಬಳಸಿದ್ದು ಅಗರಬತ್ತಿ ಕಡ್ಡಿ. ನಗಬೇಡಿ. ಬಿದಿರು, ಗಟ್ಟಿ, ನೇರ, ದಪ್ಪ 1.4 ಮಿಲಿಮೀಟರ್. 72ರಿಂದ ಗುಣಿಸಿ, 10 ಸೆಂಟಿಮೀಟರ್ ಕೊಳವೆ ಆಯಿತು. ದೇವರ ಮನೆಯಲ್ಲಿ ಉರಿದು ಉಳಿದ ಬುಡಗಳನ್ನು ಒಂದು ತಿಂಗಳು ಕೂಡಿಟ್ಟೆ. ಎರಡು ಬದಿ ಉಜ್ಜಿ ಸ್ವಲ್ಪ ಚಪ್ಪಟೆ ಮಾಡಿದರೆ ಗಾಳಿ ಸೀಳುವ ಕೋಲಿನ ಹಾಗೇ ಕಾಣುತ್ತದೆ. ರೆಕ್ಕೆಯ ನಡುಭಾಗದ ಅಡಿಗೂ ಫ್ಲೋಟಿನ ಮೇಲಕ್ಕೂ ತೂತು ಕೊರೆದು, ಒಳಗೆ ಇಳಿಸಿ, ಅರಾಲ್ಡೈಟ್ ಹಾಕಿ. ಬರೀ ಮೇಲೆ ಅಂಟಿಸಿದರೆ ಒಂದು ದಿನ ಮಗು ಮುಟ್ಟುತ್ತದೆ, ಕಥೆ ಮುಗಿಯಿತು. ಎರಡೂ ಫ್ಲೋಟುಗಳನ್ನು ಮೊದಲು ರಟ್ಟಿನ ಅಚ್ಚಿನಲ್ಲಿ ಸಮಾನಾಂತರ ಕೂರಿಸಿ, ವಿಮಾನವನ್ನು ತಲೆಕೆಳಗಾಗಿ ಪುಸ್ತಕಗಳ ಮೇಲೆ ಇಟ್ಟು ಒಣಗಲು ಬಿಡಿ. ಮುಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಒಂದು ಫ್ಲೋಟು ತುಸು ಓರೆ ಆದರೂ ಕುಡಿದವನ ನಡಿಗೆ ಬರುತ್ತದೆ.

ಎಂಜಿನ್ ಹಿಂದಿನ ಚಕ್ರದ ಗೂಡುಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಲು ಮರೆಯಬೇಡಿ. ಬಾಲದ ಚಕ್ರವೂ ಬೇಡ.

ಬಣ್ಣ

ಆ ಕಾಲದ ಡಕೋಟ ಅಂದರೆ ಬರೀ ಅಲ್ಯೂಮಿನಿಯಂ ಮೈ. ಬೆಳ್ಳಿ ಬಣ್ಣ ಚಾಡಿಕೋರ, ಅಡಿಯಲ್ಲಿರುವ ಒಂದು ಕೂದಲಿನಷ್ಟು ಗೀರನ್ನೂ ಊರಿಗೆಲ್ಲ ಹೇಳುತ್ತದೆ. ಆದ್ದರಿಂದ ಮೊದಲು ಹೊಳೆಯುವ ಕಪ್ಪು ಹೊಡೆಯಿರಿ. ಅದು ಕನ್ನಡಿಯಂತೆ ನುಣ್ಣಗೆ ಬಂದರೆ ಮಾತ್ರ ಮೇಲೆ ಅಲ್ಯೂಮಿನಿಯಂ. ನುಣ್ಣಗೆ ಬರಲಿಲ್ಲವಾ, ಮತ್ತೆ ಉಜ್ಜಿ, ಮತ್ತೆ ಕಪ್ಪು. ನನಗೆ ಮೂರು ಸಲ ಆಯಿತು.

ಮೈಸೂರಿನ ಜುಲೈ ತಿಂಗಳಲ್ಲಿ ಲ್ಯಾಕರ್ ಹೊಡೆಯಲು ಹೋಗಬೇಡಿ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ಮಾರ್ಚ್ ಮಧ್ಯಾಹ್ನವೂ ಬೇಡ, ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಬಿಸಿಲಿರುವ ದಿನ ಬೆಳಿಗ್ಗೆ ತಿಂಡಿ ಆದ ಮೇಲೆ, ತಾರಸಿಯ ನೆರಳಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು.

ಎಷ್ಟೋ ಜನ ಬಿಟ್ಟುಬಿಡುವ ಒಂದು ವಿಷಯ: ಡಕೋಟದ ಮೈ ಲೋಹ, ಆದರೆ ಅಲುಗಾಡುವ ಭಾಗಗಳು, ಅಂದರೆ ಬಾಲದ ರಡ್ಡರ್, ಎಲಿವೇಟರ್, ರೆಕ್ಕೆ ತುದಿಯ ಐಲೆರಾನ್, ಇವಕ್ಕೆ ಬಟ್ಟೆ ಹೊದಿಸಿ ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಹಾಗಾಗಿ ಅವು ಹೊಳೆಯಬಾರದು. ಅವಷ್ಟಕ್ಕೆ ಟೇಪು ಕಟ್ಟಿ ಮಂಕು ಬೆಳ್ಳಿ ಬೂದು ಹೊಡೆಯಿರಿ. ಇಷ್ಟು ಮಾಡಿದರೆ ಪ್ಲಾಸ್ಟಿಕ್ ಆಟಿಕೆ ಹೋಗಿ ವಿಮಾನ ಬರುತ್ತದೆ. ರೆಕ್ಕೆಯ ಅಂಚಿನಲ್ಲಿ ಹಿಮ ಒಡೆಯಲು ಕಪ್ಪು ರಬ್ಬರ್ ಪಟ್ಟಿ ಇರುತ್ತಿತ್ತು. ನಾನು ಬಳಿಯಲಿಲ್ಲ, ಕನ್ನಂಬಾಡಿಗೆ ಹಿಮ ಎಲ್ಲಿಂದ ಬರಬೇಕು.

ಕಿಟಕಿಗಳ ಉದ್ದಕ್ಕೂ ಒಂದು ಪಟ್ಟಿ, ಕುಂಕುಮದ ಕೆಂಪು. ಅದರ ಅಡಿಯಲ್ಲಿ ಎಳೆಯಷ್ಟು ತೆಳ್ಳಗೆ ಚಿನ್ನದ ಬಣ್ಣ, ಮೈಸೂರು ರೇಷ್ಮೆ ಸೀರೆಯ ಜರಿ ಅಂಚಿನ ಲೆಕ್ಕ. ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸಿ ಸ್ಕೇಲಿಟ್ಟು ಹೊಸ ಅಂಚು ಕತ್ತರಿಸಿಕೊಂಡು ಬಳಸಿ, ಸುರುಳಿಯ ಅಂಚಿಗೆ ಧೂಳು ಅಂಟಿರುತ್ತದೆ.

ಅಕ್ಷರ: ಒತ್ತಕ್ಷರದ ಪಾಡು

ಇಲ್ಲಿ ನಾನು ಕಲಿತದ್ದನ್ನು ಯಾವ ಇಂಗ್ಲಿಷ್ ಪುಸ್ತಕವೂ ಹೇಳಲ್ಲ, ಅವರಿಗೆ ಈ ಕಷ್ಟವೇ ಇಲ್ಲ. ವಿಮಾನದ ಹೆಸರು ಬರೆಯುವುದು ಕಿಟಕಿಗಳ ಮೇಲಿನ ಕಿರಿದಾದ ಜಾಗದಲ್ಲಿ. ಮಾದರಿಯಲ್ಲಿ ಅದು ಒಂದು ಸೆಂಟಿಮೀಟರ್ ಇದ್ದರೆ ಹೆಚ್ಚು. ನಾನು ಮೊದಲು ಇಟ್ಟ ಹೆಸರು ‘ಶ್ರೀ ಚಾಮುಂಡೇಶ್ವರಿ ವಿಮಾನ ಸರ್ವಿಸ್’. ಪ್ರಿಂಟ್ ತೆಗೆದು ಇಟ್ಟು ನೋಡಿದರೆ ಶ್ರೀಯ ಒತ್ತು ಮೊದಲ ಕಿಟಕಿಯ ಮೇಲೆ, ಶ್ವದ ಒತ್ತು ಮೂರನೇ ಕಿಟಕಿಯ ಒಳಗೆ, ಯಾರೋ ಪ್ರಯಾಣಿಕರು ಕಾಲು ಹೊರಗೆ ಹಾಕಿ ಕೂತ ಹಾಗೆ. ಅಕ್ಷರ ಚಿಕ್ಕದು ಮಾಡಿದರೆ ಓದಲು ಆಗಲ್ಲ. ‘ಮೈಸೂರು’ ಅಂತ ಹಾಕೋಣ ಅಂದರೆ ಮೈನ ಐತ್ವ ಕೆಳಗೆ ಇಳಿಯುತ್ತದೆ. ಎರಡು ಸಂಜೆ ಹೆಸರು ಹುಡುಕಿ ಹುಡುಕಿ ಸಿಕ್ಕಿದ್ದು ‘ಗಂಡಭೇರುಂಡ’. ಒಂದೂ ಒತ್ತಿಲ್ಲ, ಭದ ಅಡಿಯ ಪುಟ್ಟ ಗೀಟು ಬಿಟ್ಟರೆ ಕೆಳಗೆ ಏನೂ ನೇತಾಡುವುದಿಲ್ಲ. ಏಳು ಮಿಲಿಮೀಟರ್ ಎತ್ತರಕ್ಕೆ ಗುಂಡು ಗುಂಡಾಗಿ ಕೂತಿತು. ಸಂಸ್ಥಾನದ ಲಾಂಛನವೂ ಅದೇ.

ಕಂಪ್ಯೂಟರಿನ ಮಾಮೂಲಿ ಫಾಂಟು ಹಾಕಬೇಡಿ, 1946ರಲ್ಲಿ ಅದು ಎಲ್ಲಿತ್ತು. ಹಳೇ ಅಂಗಡಿ ಬೋರ್ಡುಗಳ ಹಾಗೆ, ತಲೆಕಟ್ಟು ದಪ್ಪ, ಹೊಟ್ಟೆ ತುಂಬಿದ ಅಕ್ಷರ ಬೇಕು. ಪೇಂಟರ್ ಕೈ ಬರಹ ಸಿಕ್ಕಿದರೆ ಫೋಟೋ ತೆಗೆದು ಅದರ ಮೇಲೆ ಎಳೆದುಕೊಳ್ಳಿ. ನಾನು ದೊಡ್ಡದಾಗಿ ಕಾಗದದಲ್ಲಿ ಬರೆದು ಸ್ಕ್ಯಾನ್ ಮಾಡಿ ಚಿಕ್ಕದು ಮಾಡಿದೆ. ಕೈ ನಡುಗಿದ್ದೆಲ್ಲ ಚಿಕ್ಕದಾದಾಗ ಮಾಯ.

ಡೀಕಲ್ ಕಾಗದದಲ್ಲಿ ಪ್ರಿಂಟ್ ತೆಗೆಯಬಹುದು. ಇಂಕ್‌ಜೆಟ್ ಆದರೆ ಮೇಲೆ ಬಣ್ಣವಿಲ್ಲದ ಕ್ಲಿಯರ್ ವಾರ್ನಿಶ್ ಹೊಡೆದು ಒಣಗಿಸಿಯೇ ನೀರಿಗೆ ಹಾಕಿ, ಇಲ್ಲದಿದ್ದರೆ ಶಾಯಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಲೇಸರ್ ಪ್ರಿಂಟಿಗೆ ಆ ಗೋಳಿಲ್ಲ. ಮನೆಯ ಪ್ರಿಂಟರು ಬಿಳಿ ಬಣ್ಣ ಹಾಕಲ್ಲ ಅನ್ನುವುದು ನೆನಪಿರಲಿ, ಹಾಗಾಗಿ ಅಕ್ಷರ ಕೆಂಪೋ ಕಪ್ಪೋ ಇಟ್ಟುಕೊಳ್ಳಿ.

ಬಾಲಕ್ಕೆ ಗಂಡಭೇರುಂಡದ ಚಿತ್ರ. 12 ಮಿಲಿಮೀಟರಿಗೆ ಗರಿ ಗರಿ ಬಿಡಿಸಲು ಹೋಗಬೇಡಿ, ಮಸಿಯ ಮಚ್ಚೆ ಆಗುತ್ತದೆ. ಬರೀ ನೆರಳಿನ ಆಕಾರ ಸಾಕು. ಇದರಲ್ಲಿ ಒಂದು ಲಾಭ ಇದೆ. ಬೇರೆ ಯಾವ ಹಕ್ಕಿ ಆದರೂ ಎರಡೂ ಬದಿಯಲ್ಲಿ ಮೂತಿ ಮುಂದಕ್ಕೇ ಇರಬೇಕು, ಒಂದು ಬದಿಗೆ ತಿರುಗಿಸಿ ಪ್ರಿಂಟ್ ಹಾಕಬೇಕು. ನಮ್ಮ ಹಕ್ಕಿ ಮುಂದೂ ನೋಡುತ್ತದೆ ಹಿಂದೂ ನೋಡುತ್ತದೆ, ಯಾವ ಕಡೆ ಅಂಟಿಸಿದರೂ ಸರಿ. ಕಾಕ್‌ಪಿಟ್ ಅಡಿಯಲ್ಲಿ ಸಂಸ್ಥಾನದ ಘೋಷವಾಕ್ಯ ‘ನ ಬಿಭೇತಿ ಕದಾಚನ’, ಎಂದೂ ಹೆದರುವುದಿಲ್ಲ ಅಂತ. 12 ಟನ್ ವಿಮಾನವನ್ನು ನೀರಿಗೆ ಇಳಿಸುವ ಪೈಲಟ್‌ಗೆ ಅದು ಬೇಕೇ ಬೇಕು.

ನೋಂದಣಿ ಅಕ್ಷರ ಮರೆಯಬೇಡಿ. ಭಾರತದ ವಿಮಾನಗಳಿಗೆ ಬ್ರಿಟಿಷರ ಕಾಲದಿಂದ ಇವತ್ತಿನವರೆಗೂ ಶುರುವಿನ ಗುರುತು ವಿಟಿ. ಮುಂದೆ ಮೂರು ಅಕ್ಷರ. ನಾನು ಹಾಕಿದ್ದು ವಿಟಿ-ಎಂವೈಕ್ಯೂ, ಎಂವೈಕ್ಯೂ ಅನ್ನುವುದು ಈಗಿನ ಮೈಸೂರು ನಿಲ್ದಾಣದ ಕೋಡು. ಕಂಡುಹಿಡಿದವರು ಇಬ್ಬರೇ. ಇದನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ, ಮೈಯ ಹಿಂಭಾಗದಲ್ಲಿ ಮತ್ತು ಎಡ ರೆಕ್ಕೆಯ ಅಡಿಯಲ್ಲಿ.

ನೀರು

12 ಮಿಲಿಮೀಟರ್ ಪ್ಲೈವುಡ್ ತೆಗೆದುಕೊಂಡು ಫ್ಲೋಟಿನ ಆಕಾರದ ಎರಡು ಗುಳಿ ಕೊರೆಯಿರಿ. ಎಷ್ಟು ಆಳ? ಲೆಕ್ಕ ಆಗಲೇ ಮಾಡಿದ್ದೇವೆ. ತೂಕಕ್ಕಿಂತ ಶೇಕಡಾ 80 ಜಾಸ್ತಿ ಶಕ್ತಿ ಇದ್ದರೆ ನಿಂತಾಗ ಫ್ಲೋಟಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಳುಗಿರುತ್ತದೆ. ಎಂಟು ಮಿಲಿಮೀಟರ್ ಕೊರೆದರೆ ಸರಿ. ಮೇಲೆ ಟಿಶ್ಯೂ ಕಾಗದ ಹಾಸಿ, ನೀರು ಬೆರೆಸಿದ ಫೆವಿಕಾಲ್ ಬ್ರಶ್ಶಿನಲ್ಲಿ ಕುಡಿಸಿ. ಕಾಗದ ತಾನೇ ಸುಕ್ಕಾಗಿ ಸಣ್ಣ ಅಲೆ ಏಳುತ್ತದೆ, ಬೆರಳಲ್ಲಿ ಗಾಳಿ ಬೀಸುವ ದಿಕ್ಕಿಗೆ ತಳ್ಳಿ. ಎರಡು ದಿನ ಒಣಗಲಿ, ಬಣ್ಣ ಬಳಿಯಿರಿ, ಮೇಲೆ ಹೊಳೆಯುವ ವಾರ್ನಿಶ್ ನಾಲ್ಕು ಕೈ. ರೆಸಿನ್ ಸುರಿಯುವುದಕ್ಕಿಂತ ಅಗ್ಗ, ವಾಸನೆಯೂ ಕಮ್ಮಿ.

ಬಣ್ಣ ಮಾತ್ರ ನೋಡಿ ಹಾಕಿ. ಒಂದು ಭಾನುವಾರ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆಯಿಂದ ಹಿನ್ನೀರು ನೋಡಿಕೊಂಡು ಬನ್ನಿ. ನೀಲಿ ಅಲ್ಲವೇ ಅಲ್ಲ. ಕೊಡಗಿನಲ್ಲಿ ಮಳೆ ಹೊಯ್ದಾಗ ಬರುವುದು ಕೆಂಪು ನೀರು, ಆಮೇಲೆ ತಿಳಿಯಾಗಿ ಬೂದು ಹಸಿರು. ನನ್ನದು ದಸರಾ ಹೊತ್ತಿನದು, ಕಟ್ಟೆ 124.80 ಅಡಿ ತುಂಬಿದ್ದ ವರ್ಷ, ಹಾಗಾಗಿ ದಡದಲ್ಲಿ ಕೆಸರಿನ ಪಟ್ಟೆ ಇಲ್ಲ, ನೀರು ಹುಲ್ಲಿಗೇ ಮುಟ್ಟಿದೆ. ಬೇಸಿಗೆ ಮಾಡುವುದಾದರೆ ನೀರು ಇಳಿದ ಗೆರೆಗಳನ್ನು ಒಂದರ ಕೆಳಗೊಂದು ಬಳಿಯಬೇಕು, ಚೆನ್ನಾಗಿರುತ್ತದೆ. ರಾಗಿ ಪೈರನ್ನು ಇದರ ಹತ್ತಿರ ಇಡಬೇಡಿ, ಐದು ಸೆಂಟಿಮೀಟರ್ ಪೈರು ಈ ಅಳತೆಯಲ್ಲಿ ಒಂದು ಮಹಡಿಗಿಂತ ಎತ್ತರ.

ಜನ ವಿಮಾನದಿಂದ ದಡಕ್ಕೆ ಹೇಗೆ ಬರಬೇಕು? ಹರಿಗೋಲು! ನೀರಿನ ಬಾಟಲಿಯ ಮುಚ್ಚಳ 30 ಮಿಲಿಮೀಟರ್, 72ರಿಂದ ಗುಣಿಸಿದರೆ ಎರಡು ಮೀಟರ್ ಚಿಲ್ಲರೆ, ಹರಿಗೋಲಿನ ಅಳತೆಯೇ. ಅಂಚು ಸ್ವಲ್ಪ ಕತ್ತರಿಸಿ, ಸುತ್ತ ಸೆಣಬಿನ ಎಳೆ ಸುತ್ತಿ ಅಂಟಿಸಿ, ಅಡಿಗೆ ಕಪ್ಪು ಬಳಿಯಿರಿ. ಒಳಗೆ ಎರಡು ಪುಟ್ಟ ಜನ, ಒಬ್ಬರಿಗೆ ಎಂ-ಸೀಲಿನಲ್ಲಿ ಮೈಸೂರು ಪೇಟ. ಅವರ ಕೈಯಲ್ಲಿ ಟ್ರಂಕು.

ಹಬ್ಬದ ಮೂರನೇ ದಿನ ಎದುರು ಮನೆಯ ಅಜ್ಜಿ ಗೊಂಬೆ ನೋಡಲು ಬಂದರು. ಅಮ್ಮನ ಪಟ್ಟದ ಗೊಂಬೆ ನೋಡಿ, ನೆಲದ ಹತ್ತಿರ ಬಂದು, ಮಂಡಿ ಹಿಡಿದುಕೊಂಡು ಬಗ್ಗಿದರು. ಕನ್ನಡಕ ಏರಿಸಿ ಅಕ್ಷರ ಕೂಡಿಸಿ ಓದಿದರು.

‘ಇದು ನಮ್ ಕಟ್ಟೇಲಿ ಇಳೀತಿತ್ತೇನೋ?’

‘ಹೂಂ ಅಜ್ಜಿ.’

‘ಯಾವಾಗ ನಿಂತೋಯ್ತು?’

‘1953ರಲ್ಲಿ. ಸರ್ಕಾರ ಎಲ್ಲಾನೂ ತಗೊಂಡ್ಬಿಡ್ತಲ್ಲ, ಆಗ.’

‘ಅದೇ ಮತ್ತೆ’ ಅಂದರು ಅಜ್ಜಿ, ಗೊಂಬೆ ಚರ್ಪು ಸೆರಗಿಗೆ ಕಟ್ಟಿಕೊಳ್ಳುತ್ತಾ.